ಅಂಚಿನಲ್ಲಿ ನಿಂತವನು ಕಾಣಬೇಕಾದರೆ: ಬಿಬಿಸಿಯ ಕ್ರಿಸ್‌ಮಸ್ ದೆವ್ವದ ಕಥೆಗಳನ್ನು ನೋಡುವ ಬಗೆ

ಎಲ್ಲರಿಗೂ ನಮಸ್ಕಾರ. ಬಿಬಿಸಿ 1971ರಿಂದ 1978ರವರೆಗೆ ಪ್ರತಿ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಒಂದರಂತೆ ಎಂಟು ಕಿರುಚಿತ್ರಗಳನ್ನು ಪ್ರಸಾರ ಮಾಡಿತು. ಮಾಲಿಕೆಯ ಹೆಸರು ‘ಎ ಘೋಸ್ಟ್ ಸ್ಟೋರಿ ಫಾರ್ ಕ್ರಿಸ್‌ಮಸ್’. ಒಂದರ ಕಥೆಗೂ ಇನ್ನೊಂದರ ಕಥೆಗೂ ಸಂಬಂಧವಿಲ್ಲ. ತೀರ ಚಿಕ್ಕದು 32 ನಿಮಿಷ, ತೀರ ದೊಡ್ಡದು 50 ನಿಮಿಷ; ಎಂಟೂ ಸೇರಿದರೆ ಸುಮಾರು ಐದು ಗಂಟೆ. ಬ್ರಿಟಿಷ್ ದೂರದರ್ಶನದ ಭಯದ ಕಥಾಮಾಲಿಕೆಗಳಲ್ಲಿ ಇದಕ್ಕಿಂತ ದೊಡ್ಡವು ಇವೆ, ಇದಕ್ಕಿಂತ ಹೆಚ್ಚು ರಕ್ತ ಹರಿಸಿದವೂ ಇವೆ. ಆದರೆ ಇಷ್ಟು ಕಡಿಮೆ ತೋರಿಸಿ ಇಷ್ಟು ಹೆದರಿಸಿದ ಮಾಲಿಕೆ ಇನ್ನೊಂದಿಲ್ಲ.

ಇವನ್ನು ಮೊದಲ ಬಾರಿಗೆ ನೋಡಿದವರಲ್ಲಿ ಅನೇಕರು ‘ನಿಧಾನ’, ‘ಏನೂ ಆಗುವುದಿಲ್ಲ’ ಎನ್ನುತ್ತಾರೆ. ಆ ದೂರಿಗೆ ಬಹುಮಟ್ಟಿಗೆ ಕಾರಣ ಚಿತ್ರವಲ್ಲ, ನೋಡಿದ ಬಗೆ. ಇಲ್ಲಿ ಭಯವನ್ನು ಇಟ್ಟಿರುವುದು ಮೂರು ಕಡೆ: ಫ್ರೇಮಿನ ಅಂಚಿನಲ್ಲಿ, ಕತ್ತಲೆಯ ಒಳಗೆ, ಮಾತು ನಿಂತ ಮೇಲಿನ ಸದ್ದಿನಲ್ಲಿ. ಅಂಗಡಿಯಿಂದ ತಂದ ಟಿವಿಯನ್ನು ಹಾಗೇ ಹಚ್ಚಿದರೆ ಅದು ಮೊದಲು ಕೆಡಿಸುವುದೂ ಈ ಮೂರನ್ನೇ. ಹಾಗಾಗಿ ಇವತ್ತು ಚಿತ್ರಗಳ ಗುಣದ ಜೊತೆಗೆ ರಿಮೋಟಿನ ಮಾತನ್ನೂ ಆಡಬೇಕು. ಎರಡೂ ಒಂದೇ ವಿಷಯ.

ಮೊದಲ ಐದು ಚಿತ್ರಗಳಿಗೆ ಮೂಲ ಎಂ. ಆರ್. ಜೇಮ್ಸ್ ಅವರ ಕಥೆಗಳು. ಜೇಮ್ಸ್ (1862–1936) ಮಧ್ಯಯುಗದ ಹಸ್ತಪ್ರತಿಗಳ ದೊಡ್ಡ ವಿದ್ವಾಂಸರು. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಮುಖ್ಯಸ್ಥರಾಗಿದ್ದು, ಆಮೇಲೆ ಈಟನ್ ಶಾಲೆಯ ಮುಖ್ಯಸ್ಥರಾದವರು. ಕ್ರಿಸ್‌ಮಸ್ ಹೊತ್ತಿನಲ್ಲಿ ಗೆಳೆಯರನ್ನು ತಮ್ಮ ಕೋಣೆಯಲ್ಲಿ ಸೇರಿಸಿ ಹೊಸ ಕಥೆಯೊಂದನ್ನು ಓದಿ ಹೇಳುವುದು ಅವರ ರೂಢಿ. ಬಿಬಿಸಿ ಈ ಚಿತ್ರಗಳಿಗೆ ಕ್ರಿಸ್‌ಮಸ್ಸಿನ ತಡರಾತ್ರಿಯನ್ನು ಆರಿಸಿಕೊಂಡದ್ದರ ಹಿಂದೆ ಈ ರೂಢಿಯಿದೆ. ಅವರ ಕಥೆಗಳಲ್ಲಿ ಬಹುಪಾಲು ಒಬ್ಬ ಒಂಟಿ ವಿದ್ವಾಂಸ ಇರುತ್ತಾನೆ. ಹಳೆ ಪುಸ್ತಕವೋ, ಚರ್ಚಿನ ಮರದ ಕೆತ್ತನೆಯೋ, ನೆಲದಡಿಯ ಒಡವೆಯೋ ಅವನ ಕಣ್ಣಿಗೆ ಬೀಳುತ್ತದೆ. ಮುಟ್ಟಬಾರದ್ದನ್ನು ಮುಟ್ಟುತ್ತಾನೆ, ಅದನ್ನು ಕಾಯುವವನು ಬೆನ್ನು ಹತ್ತುತ್ತಾನೆ. ನಿಧಿ ಕಾಯುವ ಸರ್ಪದ ಕಥೆ ಕೇಳಿ ಬೆಳೆದ ನಮಗೆ ಈ ಎಳೆ ಹೊಸದೇನಲ್ಲ.

ಎಂಟರಲ್ಲಿ ಏಳನ್ನು ನಿರ್ದೇಶಿಸಿದವರು ಲಾರೆನ್ಸ್ ಗಾರ್ಡನ್ ಕ್ಲಾರ್ಕ್. ಸಾಕ್ಷ್ಯಚಿತ್ರಗಳಿಂದ ಬಂದವರು. ಆ ಕಾಲದ ಬಿಬಿಸಿ ನಾಟಕಗಳಲ್ಲಿ ಮನೆಯೊಳಗಿನ ದೃಶ್ಯಗಳನ್ನು ಸ್ಟುಡಿಯೊದಲ್ಲಿ ವಿಡಿಯೊ ಕ್ಯಾಮೆರಾದಲ್ಲಿ ತೆಗೆದು, ಹೊರಗಿನವನ್ನು ಮಾತ್ರ ಫಿಲ್ಮಿನಲ್ಲಿ ತೆಗೆಯುವುದು ವಾಡಿಕೆ. ಪಾತ್ರ ಬಾಗಿಲು ದಾಟಿದ ಕೂಡಲೇ ಬೆಳಕಿನ ಬಣ್ಣವೇ ಬದಲಾಗುತ್ತಿತ್ತು. ಈ ಮಾಲಿಕೆ ಹಾಗಲ್ಲ. ಇದನ್ನು ನಿಜವಾದ ಸ್ಥಳಗಳಲ್ಲಿ 16 ಮಿ.ಮೀ. ಫಿಲ್ಮಿನಲ್ಲಿ ತೆಗೆದರು. ‘ದ ಸ್ಟಾಲ್ಸ್ ಆಫ್ ಬಾರ್ಚೆಸ್ಟರ್’ಗೆ (1971) ನಾರ್ವಿಚ್ ಕೆಥೆಡ್ರಲ್, ‘ದ ಟ್ರೆಷರ್ ಆಫ್ ಅಬಟ್ ಥಾಮಸ್‌’ಗೆ (1974) ವೆಲ್ಸ್ ಕೆಥೆಡ್ರಲ್. ಹೆಚ್ಚಿನ ಚಿತ್ರಗಳ ಛಾಯಾಗ್ರಾಹಕ ಜಾನ್ ಮೆಕ್‌ಗ್ಲಾಶನ್. ಕಲ್ಲು, ಮರಳು, ಚಳಿಗಾಲದ ಓರೆ ಬಿಸಿಲು, ಇವೇ ಅವರ ಮುಖ್ಯ ಸಾಮಗ್ರಿ.

ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ‘ಎ ವಾರ್ನಿಂಗ್ ಟು ದ ಕ್ಯೂರಿಯಸ್’, 1972ರ ಡಿಸೆಂಬರ್ 24ರಂದು ಪ್ರಸಾರವಾದದ್ದು. ಜೇಮ್ಸರ ಕಥೆ ನಡೆಯುವುದು ಸಫೋಕ್ ಕರಾವಳಿಯ ಆಲ್ಡ್‌ಬರೊವನ್ನು ಹೋಲುವ ಊರಿನಲ್ಲಿ. ಚಿತ್ರವನ್ನು ತೆಗೆದದ್ದು ನಾರ್ಫೋಕ್‌ನ ಉತ್ತರ ಕರಾವಳಿಯಲ್ಲಿ. ಹಿಂದಿನ ಅರಸರು ದಡ ಕಾಯಲೆಂದು ಹೂತಿಟ್ಟ ಮೂರು ಕಿರೀಟಗಳಲ್ಲಿ ಒಂದು ಮಾತ್ರ ಉಳಿದಿದೆ. ಅದನ್ನು ಕಾಯುವುದು ಏಜರ್ ಮನೆತನ. ಆ ಮನೆತನದ ಕೊನೆಯವನು ವಿಲಿಯಂ ಏಜರ್, ಅವನೂ ತೀರಿಕೊಂಡಿದ್ದಾನೆ. ಪೀಟರ್ ವಾನ್ ಮಾಡಿದ ಪ್ಯಾಕ್ಸ್‌ಟನ್ ಆ ಕಿರೀಟವನ್ನು ಅಗೆಯಲು ಬರುತ್ತಾನೆ. ಮೂಲಕಥೆಯಲ್ಲಿ ಇವನು ಯುವಕ. ಕ್ಲಾರ್ಕ್ ಇವನನ್ನು ಕೆಲಸ ಕಳೆದುಕೊಂಡ ನಡುವಯಸ್ಸಿನ ಗುಮಾಸ್ತನನ್ನಾಗಿ ಮಾಡಿದರು. ಇದು ತುಂಬ ದೊಡ್ಡ ಬದಲಾವಣೆ, ಒಳ್ಳೆಯ ಬದಲಾವಣೆ. ಕುತೂಹಲಕ್ಕಾಗಿ ಅಗೆಯುವವನ ಬಗ್ಗೆ ಹುಟ್ಟದ ಮರುಕ, ಇನ್ನೇನೂ ದಾರಿಯಿಲ್ಲದೆ ಅಗೆಯುವವನ ಬಗ್ಗೆ ಹುಟ್ಟುತ್ತದೆ.

ಈಗ ಏಜರ್ ಎಲ್ಲಿ ಕಾಣುತ್ತಾನೆ ಎಂಬುದನ್ನು ಗಮನಿಸಿ. ಪ್ಯಾಕ್ಸ್‌ಟನ್ ಅಗೆಯುತ್ತಿರುವಾಗ, ದೂರದ ಮರಗಳ ಹತ್ತಿರ ಒಂದು ಕಪ್ಪು ಆಕೃತಿ. ಕ್ಯಾಮೆರಾ ಅದರತ್ತ ಹೋಗುವುದಿಲ್ಲ. ಸಂಗೀತ ಏರಿ ‘ನೋಡಿ’ ಎಂದು ಬೊಟ್ಟು ಮಾಡುವುದಿಲ್ಲ. ನೋಡುಗನೇ ಹುಡುಕಿಕೊಳ್ಳಬೇಕು. ಕಂಡ ಮೇಲೆ ಮುಂದಿನ ಪ್ರತಿ ಶಾಟಿನಲ್ಲೂ ಕಣ್ಣು ತಾನಾಗಿ ಅಂಚುಗಳನ್ನು ತಡಕುತ್ತದೆ. ಅವನಿಲ್ಲದ ಶಾಟುಗಳೂ ಹೆದರಿಸತೊಡಗುವುದು ಹೀಗೆ. ರೈಲಿನ ಪ್ರಸಂಗವೂ ಅಷ್ಟೇ: ಪ್ಯಾಕ್ಸ್‌ಟನ್ ಡಬ್ಬಿ ಹತ್ತಿಯಾಗಿದೆ, ಆದರೆ ಹಿಂದೆ ಇನ್ನೊಬ್ಬರು ಬರುತ್ತಿದ್ದಾರೆ ಎಂಬಂತೆ ರೈಲ್ವೆಯವನು ಬಾಗಿಲು ಹಿಡಿದೇ ನಿಲ್ಲುತ್ತಾನೆ. ಇದು ಜೇಮ್ಸರದೇ ಕಲ್ಪನೆ. ಕ್ಷಣಮಾತ್ರದ ಕೆಲಸ, ಪಕ್ಕಕ್ಕೆ ತಿರುಗಿದರೆ ತಪ್ಪಿಹೋಗುತ್ತದೆ.

16 ಮಿ.ಮೀ. ಫಿಲ್ಮಿನ ಒಂದು ಫ್ರೇಮು ಸುಮಾರು 10 ಮಿ.ಮೀ. ಅಗಲ, 7.5 ಮಿ.ಮೀ. ಎತ್ತರ. ಚಿತ್ರದ ಎತ್ತರದಲ್ಲಿ ಮೂವತ್ತನೆಯ ಒಂದು ಪಾಲಿನಷ್ಟಿರುವ ಮನುಷ್ಯಾಕೃತಿ ನೆಗೆಟಿವ್ ಮೇಲೆ ಕಾಲು ಮಿಲಿಮೀಟರ್. ಹಳೆಯ ಪಾಲ್ (ಬ್ರಿಟನ್, ಭಾರತಗಳ ಹಳೆಯ ಟಿವಿ ಪದ್ಧತಿ) ಟಿವಿಯ 576 ಗೆರೆಗಳಲ್ಲಿ ಅದಕ್ಕೆ ಸಿಗುವುದು 19 ಗೆರೆ. ಇಷ್ಟು ಚಿಕ್ಕದರ ಮೇಲೆ ಇಡೀ ಚಿತ್ರದ ಭಯ ನಿಂತಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಟಿವಿಯ ಸೆಟ್ಟಿಂಗಿಗೆ ಬನ್ನಿ.

ಮೊದಲನೆಯದು ಚಿತ್ರದ ಆಕಾರ. ಈ ಚಿತ್ರಗಳ ಅಗಲ ಮತ್ತು ಎತ್ತರದ ಪ್ರಮಾಣ 4:3. ನಮ್ಮ ಟಿವಿಗಳು 16:9. ಎರಡೂ ಪಕ್ಕ ಕಪ್ಪು ಪಟ್ಟಿ ಉಳಿಯಬೇಕು, ಉಳಿದರೆ ಮಾತ್ರ ಸರಿ. ‘ಜೂಮ್’ ಒತ್ತಿ ಪರದೆ ತುಂಬಿಸಿದರೆ ಚಿತ್ರದ ಎತ್ತರದಲ್ಲಿ ಸರಿಯಾಗಿ ಕಾಲು ಭಾಗ ಕತ್ತರಿಸಿಹೋಗುತ್ತದೆ: ಮೇಲಿನಿಂದ ಅರ್ಧ, ಕೆಳಗಿನಿಂದ ಅರ್ಧ. ದಿಗಂತದ ಮೇಲೆ ನಿಂತವರು ಹೋಗುವುದು ಹೀಗೆ. ‘ವೈಡ್’ ಅಥವಾ ‘ಫುಲ್’ ಇಟ್ಟರೆ ಏನೂ ಕತ್ತರಿಸುವುದಿಲ್ಲ, ಆದರೆ ಎಲ್ಲರೂ ಮೂರನೆಯ ಒಂದು ಪಾಲು ದಪ್ಪಗಾಗುತ್ತಾರೆ. ಬಡಕಲು ಆಕೃತಿಗಳ ಮೇಲೆ ನಿಂತಿರುವ ಈ ಕಥೆಗಳಿಗೆ ಅದು ಹೊಂದುವುದೇ ಇಲ್ಲ. ಪಿಕ್ಚರ್ ಸೈಜ್‌ನಲ್ಲಿ ‘4:3’ ಅಥವಾ ‘ಒರಿಜಿನಲ್’ ಆರಿಸಿ. ಅದೇ ಪಟ್ಟಿಯಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಫಿಟ್ ಟು ಸ್ಕ್ರೀನ್’ ಇದ್ದರೆ ಅದನ್ನೂ ಆನ್ ಮಾಡಿ, ಇಲ್ಲವಾದರೆ ಟಿವಿ ನಾಲ್ಕೂ ಅಂಚನ್ನು ಸ್ವಲ್ಪ ಸವರುತ್ತದೆ. ಎಪ್ಪತ್ತರ ದಶಕದ ಡಬ್ಬಿ ಟಿವಿಗಳೂ ಅಂಚು ನುಂಗುತ್ತಿದ್ದವು, ನಿಜ. ನಿರ್ದೇಶಕರಿಗೆ ಅದು ಗೊತ್ತಿತ್ತು, ಅದಕ್ಕೆ ಜಾಗ ಬಿಟ್ಟೇ ಶಾಟ್ ಕಟ್ಟುತ್ತಿದ್ದರು. ಕಾಲು ಭಾಗ ಹೋಗುತ್ತದೆಂದು ಯಾರೂ ಎಣಿಸಿರಲಿಲ್ಲ.

ಎರಡನೆಯದು ಮೋಷನ್ ಸ್ಮೂತಿಂಗ್. ಎಲ್‌ಜಿಯಲ್ಲಿ ‘ಟ್ರೂ ಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’, ಸ್ಯಾಮ್‌ಸಂಗ್‌ನಲ್ಲಿ ‘ಆಟೊ ಮೋಷನ್ ಪ್ಲಸ್’ ಎಂಬ ಹೆಸರಲ್ಲಿ ಕಾಣುತ್ತದೆ. ಎರಡು ಫ್ರೇಮುಗಳ ನಡುವೆ ಇಲ್ಲದ ಫ್ರೇಮೊಂದನ್ನು ಟಿವಿ ತಾನೇ ಊಹಿಸಿ ತುಂಬುತ್ತದೆ. ದೊಡ್ಡ ವಸ್ತುಗಳ ಊಹೆ ಸಲೀಸು. ಮರಳುದಿಬ್ಬದ ಮೇಲೆ ಓಡುವ ಬೆರಳಷ್ಟು ಮನುಷ್ಯನ ಊಹೆ ತಪ್ಪುತ್ತದೆ. ಅವನ ಸುತ್ತ ಗಾಳಿ ಕಲಕಿದಂತಾಗಿ ಅಂಚು ಕರಗುತ್ತದೆ. ಇದನ್ನು ಪೂರ್ತಿ ಆಫ್ ಮಾಡಬೇಕು. ಜೊತೆಗೆ ‘ನಾಯ್ಸ್ ರಿಡಕ್ಷನ್’ ಕೂಡ ಆಫ್. 16 ಮಿ.ಮೀ. ಫಿಲ್ಮಿನಲ್ಲಿ ಕಣ, ಅಂದರೆ ಚಿತ್ರದ ಮೇಲೆ ಕಾಣುವ ಸಣ್ಣ ಚುಕ್ಕೆಗಳು, ಜಾಸ್ತಿ. ಟಿವಿಗೆ ಆ ಕಣಕ್ಕೂ ದೂರದ ಮುಖಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಎರಡನ್ನೂ ಒರೆಸುತ್ತದೆ. ‘ಶಾರ್ಪ್‌ನೆಸ್’ ಸೊನ್ನೆಗೆ ಅಥವಾ ಕಂಪನಿ ತಟಸ್ಥವೆಂದು ಇಟ್ಟ ಅಂಕಕ್ಕೆ ಇಳಿಸಿ. ಹೊಸ ಟಿವಿಗಳಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಇವುಗಳಲ್ಲಿ ಹೆಚ್ಚಿನವು ಒಂದೇ ಗುಂಡಿಗೆ ಸರಿಯಾಗುತ್ತವೆ.

ಮೂರನೆಯದನ್ನು ಬಹುತೇಕರು ಗಮನಿಸುವುದೇ ಇಲ್ಲ: ವೇಗ. ಬ್ರಿಟನ್ನಿನ ಟಿವಿಗಾಗಿ ಫಿಲ್ಮನ್ನು ಸೆಕೆಂಡಿಗೆ 25 ಫ್ರೇಮಿನಂತೆ ತೆಗೆಯುತ್ತಿದ್ದರು, ಅಲ್ಲಿನ ವಿದ್ಯುತ್ತೂ ಪಾಲ್ ಪದ್ಧತಿಯೂ 50 ಹರ್ಟ್ಜ್ ಆದ್ದರಿಂದ. ಭಾರತದ್ದೂ ಅದೇ 50 ಹರ್ಟ್ಜ್, ಅದೇ ಪಾಲ್. ಹಾಗಾಗಿ ಇಲ್ಲಿ ಮಾರುವ ಡಿವಿಡಿ ಪ್ಲೇಯರ್ ಮತ್ತು ಟಿವಿಗೆ ಈ ವೇಗ ಒಗ್ಗಿದ್ದೇ. ತೊಂದರೆ ಬರುವುದು ಲ್ಯಾಪ್‌ಟಾಪ್ ಮತ್ತು ಸ್ಟ್ರೀಮಿಂಗ್ ಸ್ಟಿಕ್‌ಗಳಿಂದ; ಅವು ಸಾಮಾನ್ಯವಾಗಿ 60 ಹರ್ಟ್ಜ್‌ನಲ್ಲಿ ಚಿತ್ರ ಕಳಿಸುತ್ತವೆ. 60ನ್ನು 25ರಿಂದ ಭಾಗಿಸಿದರೆ 2.4. ಅಂದರೆ ಕೆಲವು ಫ್ರೇಮು ಎರಡು ಸಲ, ಕೆಲವು ಮೂರು ಸಲ ಬರಬೇಕಾಗುತ್ತದೆ. ಕ್ಯಾಮೆರಾ ಕಡಲತೀರದ ಉದ್ದಕ್ಕೂ ಮೆಲ್ಲಗೆ ತಿರುಗುವಾಗ ಸಣ್ಣ ತಡವರಿಕೆ ಕಾಣುವುದು ಅದರಿಂದಲೇ. ಸಾಧನದ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 50 ಹರ್ಟ್ಜ್ ಆರಿಸಿ, ಅಥವಾ ಮೂಲ ಫ್ರೇಮ್ ದರಕ್ಕೆ ಹೊಂದಿಸುವ ಆಯ್ಕೆಯನ್ನು ಆನ್ ಮಾಡಿ.

ಇನ್ನು ಕತ್ತಲೆ. ಇದಕ್ಕೆ ಒಳ್ಳೆಯ ಪರೀಕ್ಷೆ ‘ದ ಸಿಗ್ನಲ್‌ಮನ್’ (1976). ಮಾಲಿಕೆಯಲ್ಲಿ ಜೇಮ್ಸರನ್ನು ಬಿಟ್ಟು ಮೊದಲ ಬಾರಿಗೆ ಬೇರೆಯವರ ಕಥೆಗೆ ಹೋದದ್ದು ಇಲ್ಲೇ. ಮೂಲ ಚಾರ್ಲ್ಸ್ ಡಿಕನ್ಸ್ 1866ರಲ್ಲಿ ಪ್ರಕಟಿಸಿದ ಕಥೆ. ಅದರ ಹಿಂದಿನ ವರ್ಷ ಜೂನ್ 9ರಂದು ಸ್ಟೇಪಲ್‌ಹರ್ಸ್ಟ್ ಬಳಿ ಡಿಕನ್ಸ್ ಪ್ರಯಾಣಿಸುತ್ತಿದ್ದ ರೈಲು ಹಳಿ ತಪ್ಪಿ ಹತ್ತು ಮಂದಿ ಸತ್ತಿದ್ದರು. ಅವರು ಗಾಯಾಳುಗಳ ನಡುವೆ ಓಡಾಡಿ ನೆರವಾದರು. ಚಿತ್ರಕಥೆ ಆಂಡ್ರ್ಯೂ ಡೇವಿಸ್ ಅವರದು. ಸೆವರ್ನ್ ವ್ಯಾಲಿ ರೈಲ್ವೆಯಲ್ಲಿ ಬ್ಯೂಡ್ಲಿ ಸುರಂಗದ ಬಳಿಯ ಕಡಿದಾದ ಕಣಿವೆಯಲ್ಲಿ ಸಿಗ್ನಲ್ ಪೆಟ್ಟಿಗೆಮನೆಯ (ರೈಲಿನ ಸಿಗ್ನಲ್ ನಡೆಸುವ ಕೋಣೆ) ಹೊರಭಾಗವನ್ನು ಹೊಸದಾಗಿ ಕಟ್ಟಿದರು. ಒಳಗಿನ ದೃಶ್ಯಗಳಿಗೆ ಅದೇ ಮಾರ್ಗದ ಹೈಲಿಯ ನಿಜವಾದ ಸಿಗ್ನಲ್ ಪೆಟ್ಟಿಗೆಯನ್ನು ಬಳಸಿಕೊಂಡರು.

ಮೇಲಿನಿಂದ ಪ್ರಯಾಣಿಕ ಕೂಗುತ್ತಾನೆ. ಕೆಳಗೆ ನಿಂತ ಸಿಗ್ನಲ್‌ಮನ್ ತಲೆಯೆತ್ತಿ ಕೂಗಿದವನನ್ನು ನೋಡುವುದಿಲ್ಲ, ತಿರುಗಿ ಸುರಂಗದ ಬಾಯನ್ನು ನೋಡುತ್ತಾನೆ. ಸಿಗ್ನಲ್‌ಮನ್ ಪಾತ್ರ ಮಾಡಿದ ಡೆನಮ್ ಎಲಿಯಟ್ ಅವರ ಇಡೀ ಅಭಿನಯದ ಬೀಜ ಆ ಒಂದು ತಿರುವಿನಲ್ಲಿದೆ. ಇಲ್ಲಿ ನಿಲ್ಲಿಸಿ ಬ್ರೈಟ್‌ನೆಸ್ ಸರಿಮಾಡಿಕೊಳ್ಳಿ: ಸುರಂಗದ ಬಾಯಿಯ ಕಟ್ಟಡದ ಕಲ್ಲು ಇಟ್ಟಿಗೆ ಕಾಣಬೇಕು, ಒಳಭಾಗ ಪಕ್ಕದ ಕಪ್ಪು ಪಟ್ಟಿಯಷ್ಟೇ ಕಪ್ಪಾಗಿರಬೇಕು. ಒಳಗೆ ಬೂದಿ ಬಣ್ಣ ಕಂಡರೆ ಬ್ರೈಟ್‌ನೆಸ್ ಹೆಚ್ಚಾಗಿದೆ. ಕಲ್ಲೂ ಮುಳುಗಿದ್ದರೆ ಕಡಿಮೆಯಾಗಿದೆ. ಎಷ್ಟು ತಿರುಗಿಸಿದರೂ ಎರಡೂ ಒಟ್ಟಿಗೆ ಸಿಗದಿದ್ದರೆ ತಪ್ಪು ಎಚ್‌ಡಿಎಂಐ ರೇಂಜಿನಲ್ಲಿದೆ, ಅಂದರೆ ಕಪ್ಪಿನಿಂದ ಬಿಳುಪಿನವರೆಗಿನ ಮಿತಿಯನ್ನು ಪ್ಲೇಯರ್ ಕಳಿಸುವ ಬಗೆಗೂ ಟಿವಿ ಓದುವ ಬಗೆಗೂ ಹೊಂದಿಕೆಯಿಲ್ಲ. ಪ್ಲೇಯರ್ ‘ಲಿಮಿಟೆಡ್’ ಕಳಿಸುತ್ತಿದ್ದು ಟಿವಿ ‘ಫುಲ್’ ಎಂದು ಓದಿದರೆ ಕಪ್ಪು ಬೂದಿಯಾಗುತ್ತದೆ. ತಿರುಗುಮುರುಗಾದರೆ ನೆರಳಿನ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಎರಡನ್ನೂ ‘ಲಿಮಿಟೆಡ್’ ಮಾಡಿದರೆ ಸಾಕು. ಕೋಣೆಯ ದೀಪ ಆರಿಸುವುದಂತೂ ಹೇಳಲೇಬೇಕಾಗಿಲ್ಲ. ಆದರೆ ಟಿವಿಯ ಹಿಂದಿನ ಕಿಟಕಿಗಿಂತ ಎದುರಿನ ಕಿಟಕಿ ಹೆಚ್ಚು ಕೆಡಿಸುತ್ತದೆ, ಬೀದಿದೀಪ ನೇರ ಗಾಜಿನ ಮೇಲೆ ಬೀಳುತ್ತದೆ. ಮೊದಲು ಅದರ ಪರದೆ ಎಳೆಯಿರಿ.

ಸದ್ದಿನ ವಿಷಯದಲ್ಲಿ ‘ಸಿಗ್ನಲ್‌ಮನ್’ ಬಗ್ಗೆಯೇ ಇನ್ನಷ್ಟು ಹೇಳಬೇಕು. ಪೆಟ್ಟಿಗೆಮನೆಯೊಳಗಿನ ವಿದ್ಯುತ್ ಗಂಟೆ ಸಿಗ್ನಲ್‌ಮನ್‌ಗೆ ಕೇಳಿಸುತ್ತದೆ, ಎದುರು ಕೂತ ಪ್ರಯಾಣಿಕನಿಗೆ ಕೇಳಿಸುವುದಿಲ್ಲ. ನಮಗೆ ಏನು ಕೇಳಿಸುತ್ತದೆ ಎಂಬುದರ ಮೇಲೆ ನಾವು ಯಾರನ್ನು ನಂಬುತ್ತೇವೆ ಎಂಬುದು ತೀರ್ಮಾನವಾಗುತ್ತದೆ. ತಂತಿಗಳಲ್ಲಿ ಗಾಳಿಯ ಗುಂಯ್‌ಗುಟ್ಟುವಿಕೆ, ಒಲೆಯ ಚಟಪಟ, ಲಿವರಿನ ಲೋಹದ ಸದ್ದು, ಇವೆಲ್ಲ ಒಂದೇ ಮೊನೊ ಧ್ವನಿಪಥದಲ್ಲಿವೆ. ಸೌಂಡ್‌ಬಾರಿನ ‘ಸರೌಂಡ್’ ಇದನ್ನು ಎಡಬಲಕ್ಕೆ ಹಿಂಜಿ ಟೊಳ್ಳು ಮಾಡುತ್ತದೆ. ‘ಸ್ಟ್ಯಾಂಡರ್ಡ್’ ಅಥವಾ ‘ಸ್ಟೀರಿಯೊ’ ಇಡಿ. ‘ನೈಟ್ ಮೋಡ್’ ಪಿಸುಮಾತನ್ನೂ ಕಿರುಚಾಟವನ್ನೂ ಒಂದೇ ಮಟ್ಟಕ್ಕೆ ತರುತ್ತದೆ, ಈ ಚಿತ್ರಗಳಿಗೆ ಅದಕ್ಕಿಂತ ದೊಡ್ಡ ಹಾನಿಯಿಲ್ಲ. ಮೊದಲ ಸಂಭಾಷಣೆ ಸ್ಪಷ್ಟವಾಗಿ ಕೇಳುವಷ್ಟು ವಾಲ್ಯೂಮ್ ಇಟ್ಟು, ಆಮೇಲೆ ಮುಟ್ಟಬೇಡಿ. ಏಜರ್ ಬರುವ ಮುಂಚೆ ಅವನ ಕೆಮ್ಮು ಬರುತ್ತದೆ. ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಅದು ಕೇಳುವುದಿಲ್ಲ.

ಸಬ್‌ಟೈಟಲ್ ಹಾಕಬೇಕೆ? ಹಳೆಯ ಇಂಗ್ಲಿಷು, ನಾರ್ಫೋಕ್‌ನ ಉಚ್ಚಾರ, ಚರ್ಚಿನ ಪದಗಳು, ನಮಗೆ ಕಷ್ಟವೇ. ಆದರೆ ಓದುವ ಕಣ್ಣು ಪರದೆಯ ಕೆಳಗೆ ನೆಟ್ಟಿರುತ್ತದೆ, ಆಗಬೇಕಾದದ್ದು ಮೇಲೆ ಆಗುತ್ತಿರುತ್ತದೆ. ಇದಕ್ಕೆ ಉಪಾಯ ಮೂಲಕಥೆಯನ್ನು ಮೊದಲೇ ಓದಿಕೊಳ್ಳುವುದು. ಲೇಖಕರು ತೀರಿಕೊಂಡ 60 ವರ್ಷಗಳ ಮೇಲೆ ಭಾರತದಲ್ಲಿ ಕೃತಿಸ್ವಾಮ್ಯ ಮುಗಿಯುತ್ತದೆ. ಜೇಮ್ಸರ ಕಥೆಗಳು ಇಲ್ಲಿ ಈಗ ಮುಕ್ತ, ಡಿಕನ್ಸರದಂತೂ ಎಂದೋ ಮುಕ್ತ. ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ‘ಕಥೆ ಗೊತ್ತಾದರೆ ಸ್ವಾರಸ್ಯ ಹೋಗುವುದಿಲ್ಲವೆ’ ಎಂಬ ಅನುಮಾನ ಬೇಡ. ಏನಾಗುತ್ತದೆ ಎಂಬುದು ಈ ಚಿತ್ರಗಳಲ್ಲಿ ಮೊದಲಿಂದಲೇ ಗೊತ್ತಿರುತ್ತದೆ. ಎಲ್ಲಿಂದ, ಯಾವಾಗ ಎಂಬುದೇ ತಿಳಿಯದಿರುವುದು.

ಪ್ರತಿಗಳ ಮಾತು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2012ರಲ್ಲಿ ಡಿವಿಡಿ ಪೆಟ್ಟಿಗೆಯನ್ನೂ, 2022 ಮತ್ತು 2023ರಲ್ಲಿ ಎರಡು ಬ್ಲೂ-ರೇ ಸಂಪುಟಗಳನ್ನೂ ತಂದಿತು. ಕೊಳ್ಳುವ ಮುಂಚೆ ವಲಯ ನೋಡಿಕೊಳ್ಳಿ. ಬ್ರಿಟನ್ ಡಿವಿಡಿಯಲ್ಲಿ 2ನೆಯ ವಲಯ, ಭಾರತ 5ನೆಯದು. ಬ್ಲೂ-ರೇಯಲ್ಲಿ ಬ್ರಿಟನ್ ‘ಬಿ’, ಭಾರತ ‘ಸಿ’. ಇಲ್ಲಿ ಕೊಂಡ ಪ್ಲೇಯರ್ ಅಲ್ಲಿಯ ಡಿಸ್ಕನ್ನು ಒಪ್ಪದೆ ಹೊರದಬ್ಬಬಹುದು. ಎಲ್ಲ ವಲಯಗಳನ್ನೂ ಓದುವ ಪ್ಲೇಯರ್ ಇದ್ದರೆ ಮಾತ್ರ ಡಿಸ್ಕ್ ತರಿಸಿ. ಹಳೆಯ ವಿಎಚ್‌ಎಸ್ ಟೇಪಿನಿಂದ ಇಳಿಸಿದ ಪ್ರತಿಗಳು ಅಂತರ್ಜಾಲದಲ್ಲಿ ಓಡಾಡುತ್ತವೆ. ‘ಲಾಸ್ಟ್ ಹಾರ್ಟ್ಸ್’ (1973) ಶುರುವಾಗುವುದು ಮಂಜಿನಲ್ಲಿ ಬರುವ ಗಾಡಿಯಿಂದ. ಕಡಿಮೆ ಬಿಟ್‌ರೇಟಿನ (ತುಂಬ ಹಿಂಡಿ ಚಿಕ್ಕದು ಮಾಡಿದ) ಪ್ರತಿಯಲ್ಲಿ ಆ ಮಂಜು ಚೌಕಚೌಕವಾಗಿ ಒಡೆದು, ಅದರೊಳಗೆ ನಿಂತ ಮಕ್ಕಳಿಬ್ಬರೂ ಒಂದು ಚೌಕವಾಗಿಬಿಡುತ್ತಾರೆ. ಅಂಥ ಪ್ರತಿ ನೋಡಿ ಚಿತ್ರದ ಬಗ್ಗೆ ತೀರ್ಪು ಕೊಡಬಾರದು.

ಯಾವ ಕ್ರಮದಲ್ಲಿ ನೋಡುವುದು? ಪ್ರಸಾರದ ಕ್ರಮ ಬೇಕಿಲ್ಲ. ‘ಸಿಗ್ನಲ್‌ಮನ್’ ಮೊದಲು: 38 ನಿಮಿಷ, ಬಹುಮಟ್ಟಿಗೆ ಇಬ್ಬರೇ ಮಾತಾಡುವವರು, ಕಣ್ಣನ್ನು ಪಳಗಿಸುತ್ತದೆ. ಮರುದಿನ ‘ವಾರ್ನಿಂಗ್’. ಆಮೇಲೆ ‘ಲಾಸ್ಟ್ ಹಾರ್ಟ್ಸ್’, ಹರ್ಡಿ-ಗರ್ಡಿ ಎಂಬ, ಚಕ್ರ ತಿರುಗಿಸಿ ನುಡಿಸುವ ವಾದ್ಯದ ಆ ರಾಗ ಕಿವಿ ಬಿಟ್ಟು ಹೋಗುವುದಿಲ್ಲ. ಮಕ್ಕಳ ಕೊಲೆಯ ಕಥೆ, ಹಾಗಾಗಿ ಮಕ್ಕಳ ಜೊತೆ ಕೂತು ನೋಡುವಂಥದ್ದಲ್ಲ. ‘ಸ್ಟಾಲ್ಸ್’ನಲ್ಲಿ ರಾಬರ್ಟ್ ಹಾರ್ಡಿ ಅವರ ಕೈಯನ್ನು ನೋಡುತ್ತಿರಿ, ಕೆತ್ತಿದ ಮರದ ಮೇಲೆ ಅದು ಎಲ್ಲಿ ಇಳಿಯುತ್ತದೆ ಎಂದು. ‘ಅಬಟ್ ಥಾಮಸ್’ ಗಾಜಿನ ಕಿಟಕಿಯ ಒಗಟು ಬಿಡಿಸುವ ಕಥೆ, ಜಾಣತನ ಹೆಚ್ಚು, ನಡುಕ ಕೊನೆಯಲ್ಲಿ ಮಾತ್ರ. ‘ದ ಆಶ್ ಟ್ರೀ’ (1975) ಅಂತ್ಯದಲ್ಲಿ ಜೀವಿಗಳನ್ನು ತೀರ ಹತ್ತಿರದಿಂದ ತೋರಿಸಿ ಸೋಲುತ್ತದೆ. 1977ರ ‘ಸ್ಟಿಗ್ಮಾ’ ಆಗಿನ ಕಾಲದಲ್ಲೇ ನಡೆಯುವ ಸ್ವತಂತ್ರ ಕಥೆ: ಏವ್‌ಬರಿಯ ಪುರಾತನ ಕಲ್ಲುಗಳ ನಡುವೆ ಮನೆ, ಅಂಗಳದ ಕಲ್ಲನ್ನು ಎತ್ತಿದ ಮೇಲೆ ಮನೆಯೊಡತಿಗೆ ಗಾಯವಿಲ್ಲದೆ ರಕ್ತ. ಇದರಲ್ಲಿ ರಕ್ತವೂ ನಗ್ನತೆಯೂ ಇದೆ, ಮನೆಮಂದಿಗೆ ಹಾಕುವ ಮುಂಚೆ ತಿಳಿದಿರಲಿ. ‘ದ ಐಸ್ ಹೌಸ್’ (1978) ಕ್ಲಾರ್ಕ್ ಇಲ್ಲದ ಚಿತ್ರ. ಅದು ಏಕೆ ತಣ್ಣಗಾಯಿತು ಎಂದು ತಿಳಿಯಲಾದರೂ ಕೊನೆಗೆ ನೋಡಬಹುದು. ಒಂದು ರಾತ್ರಿಗೆ ಒಂದೇ. ಎರಡು ಮೂರು ಒಟ್ಟಿಗೆ ನೋಡಿದರೆ ಎರಡನೆಯದರ ನಿಧಾನವನ್ನು ಮನಸ್ಸು ತಾಳುವುದಿಲ್ಲ.

ಸಂಘಗಳಲ್ಲಿ ಪ್ರದರ್ಶಿಸುವವರಿಗೆ ಒಂದೆರಡು ಮಾತು. ಮನೆಗೆಂದು ಕೊಂಡ ಡಿಸ್ಕ್ ಸಾರ್ವಜನಿಕ ಪ್ರದರ್ಶನಕ್ಕೆ ಅಲ್ಲ, ಹಕ್ಕುದಾರರ ಅನುಮತಿ ಪಡೆಯಿರಿ. ಎಂಟು ಅಡಿ ಅಗಲದ 16:9 ಪರದೆಯ ಎತ್ತರ ನಾಲ್ಕೂವರೆ ಅಡಿ. ಅದರ ಮೇಲೆ 4:3 ಚಿತ್ರ ಆರು ಅಡಿ ಅಗಲ ಬಂದು, ಪಕ್ಕಕ್ಕೆ ಒಂದೊಂದು ಅಡಿ ಉಳಿಯುತ್ತದೆ. ಪ್ರೊಜೆಕ್ಟರಿನ ಕಪ್ಪು ನಿಜಕ್ಕೂ ಬೂದಿ, ಆ ಒಂದೊಂದು ಅಡಿ ಕತ್ತಲಲ್ಲಿ ಮಿನುಗುತ್ತದೆ. ಅಲ್ಲಿ ದಪ್ಪ ಕಪ್ಪು ಬಟ್ಟೆ ಇಳಿಬಿಡಿ. ಕೊನೆಯ ಸಾಲಿನ ಕುರ್ಚಿ ಚಿತ್ರದ ಎತ್ತರದ ನಾಲ್ಕು ಪಟ್ಟಿಗಿಂತ, ಅಂದರೆ ಹದಿನೆಂಟು ಅಡಿಗಿಂತ ಹಿಂದಿರಬಾರದು. ಮನೆಯ 43 ಇಂಚಿನ ಟಿವಿಗೆ ಇದೇ ಲೆಕ್ಕದಲ್ಲಿ ಏಳು ಅಡಿ. ಸ್ಪೀಕರ್ ಒಂದೇ ಇದ್ದರೂ ನಡೆಯುತ್ತದೆ, ಪರದೆಯ ಕೆಳಗೆ ನಡುವೆ ಇರಲಿ. 2005ರಲ್ಲಿ ‘ಎ ವ್ಯೂ ಫ್ರಮ್ ಎ ಹಿಲ್‌’ನಿಂದ ಮರುಹುಟ್ಟು ಪಡೆದ ಹೊಸ ಚಿತ್ರಗಳನ್ನೂ, 2013ರಿಂದ ಮಾರ್ಕ್ ಗೇಟಿಸ್ ಮಾಡುತ್ತಿರುವವನ್ನೂ ಅದೇ ಸಂಜೆ ಸೇರಿಸುವುದಾದರೆ ಅವು ಅಗಲ ಪರದೆಯವು. ನಡುವಿನ ವಿರಾಮದಲ್ಲಿ ಬಟ್ಟೆ ತೆಗೆದು, ಪಿಕ್ಚರ್ ಸೈಜ್ ಮತ್ತೆ 16:9ಕ್ಕೆ ತನ್ನಿ.